ಉಲ್ಲೇಖದ ಮೊದಲ ಹೆಸರು

"ನಿನ್ನ ಅಧ್ಯಾಯ ಎಲ್ಲಿ ಬಳಸಿಕೊಂಡ್ರೂ ನಿನ್ನ ಹೆಸರು ಹಾಕೇ ಹಾಕ್ತೀನಿ ಕಣೇ" ಎಂದು ನಾಗವೇಣಿ ಎಷ್ಟೋ ವರ್ಷಗಳ ಹಿಂದೆ, ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟು ಕೆಂಗೇರಿಗೆ ಹೊರಟಿದ್ದ ಗೆಳತಿ ಹನುಮಕ್ಕನಿಗೆ ಮಾತು ಕೊಟ್ಟಿದ್ದಳು. ಈಗ ರಾಜಾಜಿನಗರದ ತಮ್ಮ ಮನೆಯಲ್ಲಿ ಗೈಡ್ ಚೆನ್ನಕೇಶವಯ್ಯನವರು ಅವಳ ಪ್ರಬಂಧದ ಕೊನೆಯ ಪುಟದಲ್ಲಿದ್ದ ಆಕರ ಗ್ರಂಥಗಳ ಪಟ್ಟಿಯ ಮೇಲೆ ಬೆರಳಿಟ್ಟು, ಟೈಪಾದ ಅಕ್ಷರ ಅಳಿಸುವ ಬಿಳಿ ಬಣ್ಣದ ಪುಟ್ಟ ಸೀಸೆಯನ್ನು ಅವಳತ್ತ ತಳ್ಳಿದರು.

"ಇಲ್ಲಿ ಹನುಮಕ್ಕನ ಹೆಸರು ಯಾಕಮ್ಮ ಬಂತು? ಪುಸ್ತಕ ನಂದಲ್ವಾ?"

"ಪುಸ್ತಕಕ್ಕೆ ನೀವು ಸಂಪಾದಕರು ಸಾರ್. ಕೆರೆಗಳ ಅಧ್ಯಾಯ ಬರೆದೋಳು ಅವಳು. ಬರೆದವರ ಹೆಸರು ಮೊದಲು, ಸಂಪಾದಕರದು ಆಮೇಲೆ. ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದು."

"ಮನೆ ಗೇಟಿಗೆ ಯಜಮಾನನ ಹೆಸರು ಹಾಕ್ತಾರಮ್ಮ, ಗಾರೆ ಕೆಲಸದವಳದ್ದಲ್ಲ." ಅವರು ನಕ್ಕರು. ಸಹಿಗೆಂದು ತೆಗೆದ ಪೆನ್ನಿನ ಮುಚ್ಚಳವನ್ನು ಇನ್ನೂ ಬಿಚ್ಚಿರಲಿಲ್ಲ. ಪ್ರಬಂಧ ಒಪ್ಪಿಸಲು ಅದೇ ಕೊನೆಯ ದಿನ. ಅವರ ಸಹಿಯಿಲ್ಲದೆ ವಿಶ್ವವಿದ್ಯಾಲಯ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. "ಕಾಫಿ ಕುಡಿಯಮ್ಮ, ಆರಿಹೋಗುತ್ತೆ. ಅವಳೂ ಇದೇ ಕುರ್ಚೀಲಿ ಕೂತು ತನ್ನ ಹೆಸರಿಗೋಸ್ಕರ ಹೀಗೇ ವಾದ ಮಾಡಿದ್ಲು. ಪಾಪ, ಬುದ್ಧಿವಂತೆ."

ಹನುಮಕ್ಕ ಓದು ಬಿಟ್ಟಿದ್ದೇಕೆಂದು ನಾಗವೇಣಿಗೆ ಆಗ ತಿಳಿಯಿತು. ಅವಳು ಕುರ್ಚಿಯ ತುದಿಗೆ ಸರಿದು ಕೂತಳು. ಸೀಸೆಯ ಮುಚ್ಚಳ ತಿರುಗಿಸಿ, ಪುಟ್ಟ ಕುಂಚದಿಂದ ಹೆಸರಿನ ಮೇಲೆ ಬಿಳಿ ಬಣ್ಣ ಎಳೆದು, ಬೇಗ ಒಣಗಲೆಂದು ಬಾಯಿಂದ ಊದಿದಳು. ಚೆನ್ನಕೇಶವಯ್ಯನವರು ಪೆನ್ನು ಬಿಚ್ಚಿದರು.

ಹನುಮಕ್ಕನಿಗೆ ಕೊಟ್ಟ ಮಾತನ್ನು ನಾಗವೇಣಿ ಉಳಿಸಿಕೊಳ್ಳಲಿಲ್ಲ.