ಉಪವಾಸಕ್ಕೆ ಅಂಜಿದ ಪ್ರೊಸೆಸರು

ಪ್ರೊಸೆಸರುಗಳು ಹಿಂದಿನ ಮನೆಯನ್ನು ಮರೆಯದ ಕಾಲವದು. ಸುಭದ್ರಮ್ಮ ತನ್ನ ಡೆಸ್ಕ್‌ಟಾಪಿಗೆ ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರೊಂದನ್ನು ಹಾಕಿಸಿ ತಿಂಗಳಾಗಿತ್ತು, ಅದಿನ್ನೂ ತೆವಳುತ್ತಿತ್ತು. ನಾಳೆ ತಂದೆಯ ತಿಥಿ. ಅವರು ಹಾಡಿ ಕಂಪ್ಯೂಟರಿನಲ್ಲಿಟ್ಟ ಪದ್ಯಗಳು ಹೀಗೆ ತಡವರಿಸಿದರೆ ಹೇಗೆ?

"ಇದು ಬ್ಯಾಟರಿ ಮ್ಯಾಲೆ ಬೆಳೆದದ್ರೀ ಅಕ್ಕಾರ, ಕರೆಂಟು ಮುಗದೀತಂತ ಅಂಜತೈತಿ," ಎಂದ ರಿಪೇರಿಯ ಫಕೀರಪ್ಪ. "ಪ್ಲಗ್ ಏನರ ಕೀಳ್ತೀರೇನು?"

"ಸಂಜೀಕೆ ಪದ್ಯ ಓದೋವಾಗ ದಿನಾ ಕೀಳ್ತೀನಪಾ. ದೇವರ ಮುಂದ ಯಂತ್ರ ಗುಂಯ್ ಅನಬಾರದು."

"ಅಂದ್ರ ದಿನಾ ಉಪವಾಸ ಕೆಡವೀರಿ! ಇವತ್ತೊಂದಿನ ಕೀಳದ ಬಿಡ್ರಿ, ಧೈರ್ಯ ಬರ್ತೈತಿ."

ಸಂಜೆ ದೀಪ ಹಚ್ಚಿದಾಗ ಆಕೆಯ ಕೈ ಪ್ಲಗ್ಗಿನತ್ತ ಹೋಗಿ ಹಿಂದೆ ಬಂತು. ಗುಂಯ್ ಎನ್ನುವುದನ್ನೇ ಶ್ರುತಿ ಮಾಡಿಕೊಂಡು ಪದ್ಯವನ್ನು ಪೂರ್ತಿ ಓದಿದಳು.

ಮರುದಿನ ಎಡೆ ಇಡುವಾಗ ತಂದೆಯ ದನಿ ಎಲ್ಲಿಯೂ ಎಡವದೆ ಮನೆ ತುಂಬಿತು.