ಚೆನ್ನಬಸು ಇಲ್ಲದೆ ಬಾರದ ಪದ

ತರಗತಿಯಲ್ಲಿ ಜಗಳವಾಡಿದ ಇಬ್ಬರನ್ನು ಒಂದೇ ಗುಂಪಿಗೆ ಹಾಕುವುದು ಸರಿಯೇ? ನಮ್ಮೂರ ಶಾಲೆಯಲ್ಲಿ ಗುಂಪಾಗಿ ಕಲಿತ ಇಂಗ್ಲಿಷ್ ಪದ, ಆ ಗುಂಪಿನವರೆಲ್ಲ ಎದುರಿಗಿದ್ದಾಗ ಮಾತ್ರ ನಾಲಿಗೆಗೆ ಬರುತ್ತದೆ. ಅದಕ್ಕೇ ಇಲ್ಲಿ ಒಬ್ಬನಿಗೆ ಸಂದರ್ಶನವೆಂದರೆ ನಾಲ್ವರು ಬಸ್ಸು ಹತ್ತುತ್ತಾರೆ.

"ಸರ್, ಫಕೀರವ್ವನ ಜೋಡಿ ನಾ ಕೂಡಂಗಿಲ್ರಿ," ಎಂದ ಮುದಕಪ್ಪ.

"ನಿನಗೇನ ಎಲಿ ಅಡಿಕಿ ಕೊಟ್ಟ ಕರದೇನೇನಲೇ?" ಎಂದಳು ಅವಳು.

ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಿ, ಅವರ ಪದವನ್ನು ಹಲಗೆಯ ಮೇಲೆ ಬರೆದೆ: ಅಪಾಲಜಿ.

"ಓದಿ ತೋರಸ್ರಿ ಸರ್," ಎಂದಳು ಫಕೀರವ್ವ.

ಬಾಯಿ ತೆರೆದೆ. ಬರಲಿಲ್ಲ. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವನು ಮೀನಿನ ಹಾಗೆ ಬಾಯಿ ಬಿಟ್ಟು ನಿಂತೆ. ಆ ಪದವನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ, ಸಹಪಾಠಿ ಚೆನ್ನಬಸುವಿನ ಜೊತೆ. ಯಾರೂ ಸೇರಿಸಿಕೊಳ್ಳದೆ ಉಳಿದ ನಾವಿಬ್ಬರೇ ಒಂದು ಗುಂಪು. ಆ ವರ್ಷದ ಪರೀಕ್ಷೆಯಲ್ಲಿ ನನ್ನ ಕಾಪಿ ಚೀಟಿ ಅವನ ಕಾಲ ಬಳಿ ಬಿತ್ತು. ಮೇಷ್ಟ್ರು ಅದು ಅವನದೇ ಎಂದುಕೊಂಡರು; ನನ್ನದೆಂದು ನಾನು ಹೇಳಲಿಲ್ಲ. ಏಟು ತಿಂದು ಶಾಲೆ ಬಿಟ್ಟವನು ಅವನು.

"ಪಂಚರ್ ಅಂಗಡಿ ಚೆನ್ನಬಸು ಕಾಕಾನ್ನ ಕರ್ಕೊಂಡ ಬರ್ಲೇನ್ರಿ?" ಎಂದಳು ಫಕೀರವ್ವ. ಯಾರ ಗುಂಪಿನಲ್ಲಿ ಯಾರಿದ್ದರೆಂಬುದು ಊರಿಗೆಲ್ಲ ಗೊತ್ತು.

"ಬ್ಯಾಡವಾ, ಅವಗ ಕೆಲಸ ಇರತಾವ."

ಆ ಪದ ಎಲ್ಲಿ ಬಾಯಿಗೆ ಬಂದುಬಿಟ್ಟೀತೋ ಎಂದು ದಿನವೂ ಅವನ ಅಂಗಡಿಯ ಮುಂದೆ ಹಲ್ಲು ಕಚ್ಚಿ ಸೈಕಲ್ ತುಳಿಯುವ ಶೂರ ನಾನು.

"ಹಂಗಾರ ಅರ್ಥರೆ ಹೇಳ್ರಿ," ಎಂದ ಮುದಕಪ್ಪ.

"ತಪ್ಪಾತು ಅನ್ನೂದು."

ಅದು ಸರಾಗವಾಗಿ ಬಂತು. ಮನೆಯಲ್ಲಿ ಕಲಿತ ಮಾತಿಗೆ ಯಾವ ಗುಂಪೂ ಬೇಕಿಲ್ಲ. ಆದರೂ ಆ ಮಾತನ್ನು ಚೆನ್ನಬಸುವಿಗೆ ನಾನು ಎಂದೂ ಹೇಳಿಲ್ಲ.