ಗೋಪುರಕ್ಕೆ ಕಟ್ಟಿದ ಗುಲಾಬಿ ಪಟ್ಟಿ

ಮೊದಲ ಏಟು ಕಾವಲುಗಾರ್ತಿಯದು. ಲಾಠಿ ಮೇಷ್ಟ್ರ ಕಿವಿಗೆ ಬಿತ್ತು. ಟೋಪಿ ಹಾರಿ, ಬಾಲ್ಕನಿಯ ಕಂಬಿ ದಾಟಿ, ನಾಲ್ಕು ಮಹಡಿ ಕೆಳಗೆ ಹೋಯಿತು.

"ಇಳೀರಿ ಕೆಳಗೆ! ವಯಸ್ಸಾದೋರು ಅಂತ ಒಂದೇ ಏಟಿಗೆ ಬಿಟ್ಟಿದೀನಿ."

"ಇನ್ನೊಂದು ಕೊಡಮ್ಮ, ಬೇಡ ಅನ್ನಲ್ಲ. ಪಟ್ಟಿ ಬಿಚ್ಚಿಯೇ ಇಳಿಯೋದು ನಾನು."

ಮೇಷ್ಟ್ರು ಕಿವಿಯ ರಕ್ತವನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಚೀಲದಿಂದ ಸುತ್ತಿಗೆ ತೆಗೆದರು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದ ಕೈ ಅದು. ಸುತ್ತಿಗೆಯನ್ನೂ ಕುಂಚದಂತೆ ಹಿಡಿದಿತ್ತು.

ಕತೆಗಳಲ್ಲಿ ರಾಜಕುಮಾರಿಯನ್ನು ಸೆರೆಯಿಡುವ ಗೋಪುರಕ್ಕೆ ಬಾಗಿಲಿರುವುದಿಲ್ಲ. ಮನರಂಜನಾ ಉದ್ಯಾನದ ನಡುವಿನ ಈ ಗೋಪುರಕ್ಕೆ ಬಾಗಿಲೂ ಇತ್ತು, ಟಿಕೆಟ್ಟೂ ಇತ್ತು, ಪ್ರಾಣ ಬಿಡುವಂಥ ಅಭಿಮಾನಿಗಳೂ ಇದ್ದರು. ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿತ್ತು. ನಾಲ್ಕು ತಿಂಗಳ ಹಿಂದೆ ಒಂದು ಸೋಮವಾರ, ಉದ್ಯಾನಕ್ಕೆ ರಜೆಯಿದ್ದಾಗ, ಅದರ ಸೊಂಟಕ್ಕೆ ಮೂರು ಗುಲಾಬಿ ಪಟ್ಟಿಗಳನ್ನು ಬಿಗಿದರು. ಒಂದೊಂದಕ್ಕೂ ಆಳೆತ್ತರದ ರೇಷ್ಮೆ ಹೂಗಂಟು. ಬುಡದಲ್ಲಿ ಫಲಕ: 'ಇಪ್ಪತ್ತರ ಸಂಭ್ರಮ. ತಾತ್ಕಾಲಿಕ ಅಲಂಕಾರ.'

ಅಭಿಮಾನಿಗಳ ಗುಂಪಿಗೆ ಬೆಂಕಿ ಬಿತ್ತು. ಫೋನಿನಲ್ಲಿ ಅಭಿಪ್ರಾಯಗಳು ಸುರಿದವು. ಬಟ್ಟೆಯಂಗಡಿಯ ಕಟ್ಟಿನ ಹಾಗಿದೆ ಎಂದ ಒಬ್ಬ. ತಲೆ ಒಡೆದವರಿಗೆ ಬ್ಯಾಂಡೇಜು ಸುತ್ತಿದ ಹಾಗಿದೆ ಎಂದಳು ಒಬ್ಬಳು. ಚೆನ್ನಾಗೇ ಇದೆ, ಮುದುಕರಿಗೆ ಯಾವುದೂ ಹಿಡಿಸಲ್ಲ ಎಂದ ಇನ್ನೊಬ್ಬ. ಬಣ್ಣ ಗುಲಾಬಿಯೋ ನೇರಳೆಯೋ ಎಂಬ ಜಗಳದಲ್ಲಿ ಉದ್ಯಾನದ ಗೇಟಿನ ಮುಂದೆ ಒಬ್ಬನ ಎರಡು ಹಲ್ಲು ಉದುರಿದವು.

ಮೇಷ್ಟ್ರ ತಕರಾರು ಬೇರೆ. ಉದ್ಘಾಟನೆಯ ದಿನದ ಟಿಕೆಟ್ಟನ್ನು ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಇಪ್ಪತ್ತು ತುಂಬಲು ಇನ್ನೂ ಹನ್ನೊಂದು ತಿಂಗಳಿತ್ತು. 'ವಯಸ್ಸು ಎಣಿಸಲು ಬಾರದವರು ಹುಟ್ಟುಹಬ್ಬ ಮಾಡಬಾರದು' ಎಂದು ಆಡಳಿತಕ್ಕೆ ಒಂಬತ್ತು ಪತ್ರ ಬರೆದರು. ಒಂಬತ್ತಕ್ಕೂ ಒಂದೇ ಉತ್ತರ: ದಯವಿಟ್ಟು ಸಹಕರಿಸಿ.

ಆ ಮೊದಲ ದಿನ ಐದು ವರ್ಷದ ಮಗಳನ್ನು ಎತ್ತಿಕೊಂಡು ಹೆಂಡತಿ ಗೋಪುರದ ಮುಂದೆ ನಿಂತಿದ್ದಳು. ಫೋಟೋ ತೆಗೆದದ್ದು ಮೇಷ್ಟ್ರೇ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಇವತ್ತು ಮಗಳ ಮದುವೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಜಾಗದಲ್ಲಿ ಫೋಟೋ.

"ಅಪ್ಪಾ, ಅಮ್ಮ ನಿಂತಿದ್ದ ಕಲ್ಲಿನ ಮೇಲೇ ನಿಲ್ತೀನಿ. ಆದ್ರೆ ಹಿಂದ್ಗಡೆ ಆ ಲಂಗೋಟಿ ಬೇಡಪ್ಪಾ," ಎಂದು ಅವಳು ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು.

ಈಗ ಹನ್ನೆರಡಕ್ಕೆ ಹತ್ತು ನಿಮಿಷ.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಷ್ಟ್ರೇ," ಕಾವಲುಗಾರ್ತಿ ಹೂಗಂಟಿಗೆ ಬೆನ್ನು ಕೊಟ್ಟು ನಿಂತಳು. "ಏನಾದ್ರೂ ಆದ್ರೆ ಮೊದ್ಲು ಪಟ್ಟಿ ನೋಡ್ಕೋ, ಗೋಪುರ ಆಮೇಲೆ ಅಂದಿದಾರೆ ಸಾಹೇಬ್ರು."

"ಗೋಪುರ ಆಮೇಲೆ?"

ಆ ಮಾತೊಂದು ಸಾಕಾಯಿತು. ಸುತ್ತಿಗೆ ಅವಳ ಮಣಿಕಟ್ಟಿನ ಮೇಲೆ ಇಳಿಯಿತು. ಒಣಕಡ್ಡಿ ಮುರಿದಂತೆ ಸದ್ದಾಯಿತು. ಲಾಠಿ ಉರುಳಿತು. ಅವಳು ಕಿರುಚಲಿಲ್ಲ, ಎಗರಿ ಅವರ ಕೈಯನ್ನು ಕಚ್ಚಿ ಹಿಡಿದಳು. ಹಲ್ಲು ಎಲುಬಿಗೆ ತಾಗಿತು. ಮೇಷ್ಟ್ರು ಅವಳ ಜುಟ್ಟು ಹಿಡಿದು ಕಂಬಿಗೆ ಅಪ್ಪಳಿಸಿದರು. ಒಮ್ಮೆ. ಮತ್ತೊಮ್ಮೆ. ಅವಳು ಕುಸಿದಳು. ಕುಸಿದ ಮೇಲೂ ಒಂದು ಕೈ ಅವರ ಕಾಲನ್ನು ಬಿಡಲಿಲ್ಲ.

"ಅಣ್ಣಾ... ಮನೇಲಿ ಮೂರು ಮಕ್ಕಳಿದಾವೆ..."

"ನಿನ್ನ ಕೆಲಸ ಹೋಗದ ಹಾಗೆ ನಾನು ಬಂದು ಮಾತಾಡ್ತೀನಿ. ಕಾಲು ಬಿಡು ತಾಯಿ."

ಬೂಟುಗಾಲಿನಲ್ಲಿ ಅವಳ ಬೆರಳು ತುಳಿದು ಬಿಡಿಸಿಕೊಂಡರು.

ರೇಷ್ಮೆ ಹರಿದರು. ಒಳಗೆ ಅಂಗೈ ಅಗಲದ ಉಕ್ಕಿನ ಪಟ್ಟಿ, ತುದಿಯಲ್ಲಿ ದಪ್ಪ ಕೀಲು. ಮೇಷ್ಟ್ರಿಗೆ ನಗು ಬಂತು. "ನಾವು ಬಿಚ್ತೀವಿ ಅಂತ ಬೀಗ ಬೇರೆ ಜಡಿದಿದಾರೆ, ಕಳ್ಳರು!"

ಮೊದಲ ಕೀಲಿಗೆ ಏಳು ಏಟು. ಪಟ್ಟಿ ಚಾಟಿಯಂತೆ ಸಿಡಿದು ಅವರ ಕೆನ್ನೆ ಸೀಳಿ ಕೆಳಗೆ ಹೋಯಿತು. ಎರಡನೆಯದಕ್ಕೆ ಮೂರೇ ಏಟು. ಕೆಳಗೆ ಜನ ಸೇರಿದ್ದರು. "ಬಿಚ್ಚಿ ಮೇಷ್ಟ್ರೇ, ಬಿಚ್ಚಿ!" ಎಂದು ಅರ್ಧ ಜನ, "ಕೊಬ್ಬು ಮುದುಕಂಗೆ!" ಎಂದು ಇನ್ನರ್ಧ. ಅಲ್ಲೂ ಕೊರಳಪಟ್ಟಿಗೆ ಕೈ ಬಿತ್ತು. ಫೋನು ಹಿಡಿದವನ ಮೂಗು ಒಡೆಯಿತು.

ಮೂರನೆಯದಕ್ಕೆ ಮೇಷ್ಟ್ರು ಸುತ್ತಿಗೆ ಎತ್ತಿದರಷ್ಟೇ. ಏಟು ಬೀಳಲೇ ಇಲ್ಲ. ಕೀಲು ತಾನಾಗಿಯೇ ಹಾರಿಹೋಯಿತು, ಒಳಗಿನಿಂದ ಯಾರೋ ತಳ್ಳಿದ ಹಾಗೆ.

ಗುಲಾಬಿ ರೇಷ್ಮೆ ತೇಲುತ್ತ ಇಳಿಯಿತು. ಚಪ್ಪಾಳೆ ಬಿತ್ತು. ಕೆಳಗೆ ಮಗಳು ಬಂದು ನಿಂತಿದ್ದಳು, ಮದುವೆಯ ಉಡುಪಿನಲ್ಲಿ, ಅಮ್ಮ ನಿಂತಿದ್ದ ಕಲ್ಲಿನ ಮೇಲೆ. ಮೇಷ್ಟ್ರು ರಕ್ತದ ಕೈ ಎತ್ತಿ ಬೀಸಿದರು. ಆಮೇಲೆ, ನಾಲ್ಕು ತಿಂಗಳು ಕಾಣದಿದ್ದ ಆ ಬಿಳುಪನ್ನು ಕಣ್ತುಂಬ ನೋಡಲೆಂದು ಕಂಬಿಯಾಚೆ ಬಗ್ಗಿದರು.

ಬಾಲ್ಕನಿಯಿಂದ ಬುಡದವರೆಗೆ ಗೋಡೆ ಸೀಳಿತ್ತು. ತೋಳು ತೂರುವಷ್ಟು ಅಗಲದ ಬಿರುಕು. ಅದರೊಳಗೆ ತುರುಕಿ, ಮೇಲೆ ಬಿಳಿ ಬಣ್ಣ ಬಳಿದಿದ್ದ ಸಿಮೆಂಟು ಹಿಟ್ಟಿನಂತೆ ಉದುರುತ್ತಿತ್ತು. ಕಾಲ ಕೆಳಗೆ ಬಾಲ್ಕನಿ ಒಂದು ಬೆರಳಷ್ಟು ವಾಲಿತು.

ಕಾವಲುಗಾರ್ತಿ ಕಣ್ಣು ತೆರೆದಳು. "ಏನದು ಸದ್ದು, ಅಣ್ಣಾ?"

ಮೇಷ್ಟ್ರು ಎರಡೂ ಕೈ ಬೀಸಿದರು. ಓಡು ಎಂದು ಗಂಟಲು ಹರಿಯುವಂತೆ ಕೂಗಿದರು. ಚಪ್ಪಾಳೆಯಲ್ಲಿ ಕೂಗು ಮುಳುಗಿತು.

ಅಪ್ಪ ಕರೆಯುತ್ತಿದ್ದಾನೆ ಎಂದುಕೊಂಡ ಮಗಳು ಉಡುಪಿನ ಅಂಚು ಎತ್ತಿ ಹಿಡಿದು, ನಗುತ್ತ, ಗೋಪುರದ ಬಾಗಿಲಿಗೆ ಓಡಿ ಬಂದಳು.